ಭೀಮು ಆಡದ ಮಾತು

ಪುಣೆ
೧೩ ಜನವರಿ ೧೯೯೯

ಪ್ರೀತಿಯ ಭುವನೇಶ್ವರಿ,

ಈ ಲಕೋಟೆಯಲ್ಲಿ ಒಂದು ಸಣ್ಣ ಪೊಟ್ಟಣ ಕುಸುರೆಳ್ಳು ಇದೆ. ಸಂಕ್ರಮಣಕ್ಕೆ ಸರಿಯಾಗಿ ಲೋಣಾವಳಾ ತಲುಪುತ್ತದೋ ಇಲ್ಲವೋ, ತಲುಪಿದ ದಿನವೇ ಬಾಯಿಗೆ ಹಾಕಿಕೋ. ನಾವು ನೀವು ಎಳ್ಳುಬೆಲ್ಲದ ಹಾಗೆ ಇರೋಣ ಎನ್ನುವ ಹಬ್ಬದಲ್ಲೇ ನಿನ್ನನ್ನು ಹೀಗೆ ಒಲಿಸಿಕೊಳ್ಳಬೇಕಾಯಿತಲ್ಲ ಅಂತ ನನಗೆ ಬೇಸರ.

ಫೆಬ್ರವರಿ ಹದಿಮೂರರ ಘಟಿಕೋತ್ಸವಕ್ಕೆ ನೀನು ಬರುವುದಿಲ್ಲ ಅಂತ ನಿನ್ನೆ ಪರೀಕ್ಷಾ ವಿಭಾಗದಿಂದ ಸುದ್ದಿ ಬಂತು. ಸುವರ್ಣಪದಕವನ್ನು ಅಂಚೆಯಲ್ಲಿ ಕಳಿಸಿ ಅಂತ ಬರೆದಿದ್ದೀಯಂತೆ! ಅಯ್ಯ, ಅದೇನು ವಿಮೆಯ ಕಾಗದವೇ, ಅಂಚೆಯಲ್ಲಿ ತರಿಸಿಕೊಳ್ಳಲಿಕ್ಕೆ? ಸಂಖ್ಯಾಶಾಸ್ತ್ರದಲ್ಲಿ ಇಡೀ ವಿದ್ಯಾಪೀಠಕ್ಕೆ ಮೊದಲು ಬಂದವಳು ನೀನು. ವೇದಿಕೆ ಹತ್ತಿ ಅದನ್ನು ಕೊರಳಿಗೆ ಹಾಕಿಸಿಕೊಳ್ಳುವುದನ್ನು ನಿನ್ನ ಅವ್ವ ಕಣ್ಣಾರೆ ನೋಡಬಾರದೇ?

ಸಿಟ್ಟು ನನ್ನ ಮೇಲೆ ಅಂತ ಗೊತ್ತು. ಪತ್ರಿಕೆಯಲ್ಲಿ ನಾನು ಬರೆದ ಆ ಸುದ್ದಿ ಬಂದ ಮೇಲೆ ನೀನು ಪಾಠ ಹೇಳುವ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಯಾರೋ ನಿನ್ನನ್ನು ಹಂಗಿಸಿದರಂತೆ. ಆದರೆ ನೀನೇ ಯೋಚಿಸು. ವಿದ್ಯಾಪೀಠದ ಜನಸಂಪರ್ಕ ಕಚೇರಿಯಲ್ಲಿ ಕೂತು ವರ್ಷವಿಡೀ ನಾನು ಬರೆಯುವುದು ಯಾರೂ ಓದದ ಸುದ್ದಿ. ಅತಿಥಿ ಉಪನ್ಯಾಸ, ಸಸಿ ನೆಡುವುದು, ಯಾರೋ ಪ್ರಾಧ್ಯಾಪಕರು ಜಪಾನಿಗೆ ಹೋಗಿ ಬಂದದ್ದು. ಅಂಥದರಲ್ಲಿ ಒಮ್ಮೆ ಜೀವ ಇರುವ ಸುದ್ದಿ ಸಿಕ್ಕಿತು. ಗಾರೆ ಕೆಲಸದವರ ಮಗಳು, ಶೋರಾಪುರ ಕಡೆಯಿಂದ ಬಂದವರು, ಸುವರ್ಣಪದಕ! ಇದನ್ನು ಬರೆಯದಿದ್ದರೆ ನಾನು ಆ ಕುರ್ಚಿಯಲ್ಲಿ ಯಾಕೆ ಕೂತಿರಬೇಕು?

ಫೋಟೋದವನನ್ನು ಕರೆದುಕೊಂಡು ಬಿಬವೇವಾಡಿಯ ವಸ್ತಿಯಲ್ಲಿರುವ ನಿಮ್ಮ ಮನೆಗೆ ಹೋದೆ. ನೀನು ಲೋಣಾವಳಾದಲ್ಲಿದ್ದೆ. ಬಾಗಿಲಲ್ಲಿ ನಿಂತು ಕನ್ನಡದಲ್ಲಿ ಕೂಗಿದ್ದೇ ತಡ, ನಿನ್ನ ಅವ್ವ ತಿಪ್ಪವ್ವ ಓಡಿ ಬಂದು ನನ್ನ ಗಲ್ಲ ಹಿಡಿದು, ನಮ್ಮ ಮಂದಿ ಬಂದ್ರಲ್ಲವ್ವ ಅಂತ ಕಣ್ಣು ತುಂಬಿಕೊಂಡಳು. ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ಬಡಿಸುತ್ತ ಬಡಿಸುತ್ತ ಎಲ್ಲ ಹೇಳಿದಳು. ನಿನ್ನನ್ನು ತೊಟ್ಟಿಲಿಗೆ ಹಾಕಿದ ದಿನ ನಿನ್ನ ಅಜ್ಜಿ, ಭೀಮೂನ ಹೆಂಡ್ತಿ ಹುಟ್ಟ್ಯಾಳ ಅಂದದ್ದು, ನಿನ್ನ ಅವ್ವನ ಒಡಹುಟ್ಟಿದ ತಮ್ಮನಿಗೇ ನಿನ್ನನ್ನು ಕೊಡುವುದು ಅಂತ ಮಾತಾದದ್ದು, ಆಮೇಲೆ ಆ ಭೀಮುವೇ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊತ್ತು ನಿನ್ನನ್ನು ಓದಿಸಿದ್ದು. ಭೀಮುವೂ ಅಲ್ಲೇ ಕೂತಿದ್ದ. ಅವನ ಹತ್ತಿರವೂ ಮಾತಾಡಿದೆ.

ಬರೆದದ್ದು ಇಷ್ಟೇ. ‘ಮಾವ ಮಾಡಿದ ತ್ಯಾಗ, ಸೊಸೆಗೆ ಸುವರ್ಣಪದಕ’ ಎನ್ನುವ ತಲೆಬರಹ ಪತ್ರಿಕೆಯವರು ಕೊಟ್ಟದ್ದು, ನಾನಲ್ಲ. ಭೀಮುವಿನ ಮಾತನ್ನು ಮಾತ್ರ ಮರಾಠಿಯಲ್ಲಿ ಸ್ವಲ್ಪ ಒಪ್ಪವಾಗಿ ಹಾಕಿದೆ. ಕಟ್ಟಡ ಕೆಲಸದವರ ಬಗ್ಗೆ ಪುಣೆಯ ಮಂದಿ ಒಂದು ದಿನವಾದರೂ ಒಳ್ಳೆಯ ಮಾತಾಡಲಿ ಅಂತ ಮಾಡಿದ್ದು. ಸಿಟ್ಟು ಬಿಡು ಮಗಳೇ, ಬಾ.

ನಿನ್ನ ಒಳಿತಿಗೇ ಬರೆದವಳು,
ಸುಮಂಗಲಾ

ತಾ.ಕ.: ನಿಮಗೆ ಮುಂದಿನ ಸಾಲಿನ ಪಾಸು ತೆಗೆದಿಟ್ಟಿದ್ದೇನೆ. ಭೀಮುವನ್ನು ತಪ್ಪದೆ ಕರೆದುಕೊಂಡು ಬಾ. ಪದಕ ಹಾಕಿಕೊಂಡ ನಿನ್ನ ಪಕ್ಕ ಅವನನ್ನು ನಿಲ್ಲಿಸಿ ಫೋಟೋ ತೆಗೆಸಬೇಕು ಅಂತ ನಮ್ಮ ಸಾಹೇಬರು ಹೇಳಿದ್ದಾರೆ.

*

ಲೋಣಾವಳಾ
೧೮ ಜನವರಿ ೧೯೯೯

ಸುಮಂಗಲಾ ಮೇಡಂ ಅವರಿಗೆ ನಮಸ್ಕಾರ.

ಕುಸುರೆಳ್ಳು ತಲುಪಿತು. ಇನ್ನೂ ತಿಂದಿಲ್ಲ.

ನಾನು ಕನ್ನಡ ಸಾಲಿಗೆ ಹೋದದ್ದು ನಾಲ್ಕನೇ ಇಯತ್ತೆಯವರೆಗೆ ಮಾತ್ರ. ಅಕ್ಷರ ಸೊಟ್ಟ ಇವೆ. ಮರಾಠಿಯಲ್ಲಿ ಬರೆದರೆ ನನಗೆ ಸುಲಭ. ಆದರೆ ನಿನ್ನೆ ರವಿವಾರ ಮನೆಗೆ ಹೋಗಿ ಈ ಪತ್ರವನ್ನು ಅವ್ವ, ಅಪ್ಪ, ಭೀಮುಮಾವ ಮೂವರ ಮುಂದೆ ಓದಿದೆ. ಅವರು ಹೂಂ ಅಂದ ಮೇಲೆ ಈಗ ಚೊಕ್ಕ ಮಾಡಿ ಬರೆದು ಹಾಕುತ್ತಿದ್ದೇನೆ. ಇದನ್ನು ಕಲಿಸಿದವರು ನೀವೇ. ಎರಡು ವರ್ಷದ ಹಿಂದೆ ವಿಭಾಗಕ್ಕೊಬ್ಬರಂತೆ ನಮ್ಮನ್ನು ಆರಿಸಿ ಸುದ್ದಿ ಬರೆಯುವುದು ಹೇಗೆ ಅಂತ ಶಿಬಿರ ಮಾಡಿದ್ದಿರಿ. ಮೊದಲ ವಾಕ್ಯದಲ್ಲೇ ವಿಷಯ ಹೇಳಿ ಅಂದಿದ್ದಿರಿ. ‘ಅತ್ಯಂತ’ ಅನ್ನುವ ಪದ ಕಂಡರೆ ಹೊಡೆದು ಹಾಕಿ ಅಂದಿದ್ದಿರಿ. ಕೊನೆಗೆ, ಯಾರ ಸುದ್ದಿ ಬರೆಯುತ್ತೀರೋ ಅವರ ಎದುರು ಕೂತು ಒಮ್ಮೆ ಓದಿ ತೋರಿಸದೆ ಅಚ್ಚಿಗೆ ಕೊಡಬೇಡಿ, ಇದೊಂದು ಮರೆತರೆ ಉಳಿದದ್ದೆಲ್ಲ ನೀರಲ್ಲಿ ಹೋಮ ಅಂದಿದ್ದಿರಿ. ನಾನು ಅದನ್ನು ಬಹಳ ಮನಸ್ಸಿಗೆ ಹಚ್ಚಿಕೊಂಡಿದ್ದೆ.

ಸ್ಟಾಫ್‌ರೂಮಿನ ಮಾತು ದೊಡ್ಡದಲ್ಲ. ‘ತುಮಚ್ಯಾತ ಮಾಮಾಶೀಚ ಲಗ್ನ ಕರತಾತ ಕಾ?’ ಅಂತ ಒಬ್ಬ ಅಧ್ಯಾಪಕಿ ಬಾಯಿ ಎಲ್ಲರ ಎದುರು ಕೇಳಿದರು, ನಿಮ್ಮಲ್ಲಿ ಮಾವನನ್ನೇ ಮದುವೆಯಾಗುತ್ತಾರಾ ಅಂತ. ಉಳಿದವರು ನಕ್ಕರು. ಹೌದು, ಆಗುತ್ತಾರೆ ಅಂದೆ. ಒಂದು ವಾರ ಯಾರೂ ನನ್ನ ಡಬ್ಬಿಯ ಪಲ್ಯ ಮುಟ್ಟಲಿಲ್ಲ. ಇರಲಿ, ಅದನ್ನು ನಾನು ನುಂಗುತ್ತೇನೆ.

ನುಂಗಲಾರದ್ದು ಬೇರೆ ಇದೆ. ಅದು ನಿಮಗೆ ಗೊತ್ತಿಲ್ಲ ಅಂತ ನಿಮ್ಮ ಪತ್ರ ಓದಿ ತಿಳಿಯಿತು. ಭೀಮುಮಾವನ ಲಗ್ನ ನಿಶ್ಚಯವಾಗಿತ್ತು. ಹುಡುಗಿ, ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರಿಗೆ ಕೆಲಸ ಹಂಚುವ ಮುಕಾದಮ ಸಿದ್ರಾಮಪ್ಪ ಕಾಕಾನ ಮಗಳು ಚಂದಮ್ಮ. ನನ್ನ ಓದು ಮುಗಿಯಲಿ ಅಂತ ಇಷ್ಟು ವರ್ಷ ಮಾವ ತನ್ನ ಲಗ್ನದ ಮಾತೇ ಎತ್ತಿರಲಿಲ್ಲ. ಚಂದಮ್ಮನನ್ನು ನೋಡಿ ಬಂದ ಮೇಲೆ ಅವನು ಹಾಡು ಹೇಳುತ್ತ ಜಳಕ ಮಾಡುತ್ತಿದ್ದ, ಅವ್ವ ನಗುತ್ತಿದ್ದಳು. ನಿಮ್ಮ ಸುದ್ದಿಯನ್ನು ಚಹಾದಂಗಡಿಯಲ್ಲಿ ಯಾರೋ ಸಿದ್ರಾಮಪ್ಪ ಕಾಕಾನ ಮುಂದೆ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ಮರುದಿನ ಕಾಕಾ ನಮ್ಮ ಮನೆಗೆ ಬಂದು, ಎಲಿ ಅಡಕಿ ಮುಟ್ಟದೆ, ನಿಂತೇ ಮಾತಾಡಿದ. ಸೋದರಮಾವಗ ಮಾತಾಗಿದ್ದು ತಪ್ಪಲ್ಲ, ನಮ್ಮ ಮನ್ಯಾಗೂ ಅದ ಪದ್ಧತಿ ಅದ. ಆದ್ರ ತ್ಯಾಗ ಮಾಡ್ಯಾನ ಅಂದ್ರ ಇನ್ನಾ ಮನಸಿನ್ಯಾಗ ಆಕಿನ ಇದ್ದಾಳ ಅಂದಂಗಾತು. ಒಬ್ಬಾಕಿನ್ನ ಎದ್ಯಾಗ ಇಟಗೊಂಡಾವಗ ನನ್ನ ಮಗಳು ಯಾಕ ಕೊಡ್ಲಿ? ಹೀಗೆ ಅಂದು ಹೋಗಿಬಿಟ್ಟ.

ಮಾವ ನನಗೆ ಒಂದೇ ಮಾತು ಕೇಳಿದ. ನಾ ಯಾವಾಗ ಹಂಗ ಅಂದೆ ಭುವನಾ? ನಾನು ಪತ್ರಿಕೆ ತೆಗೆದು ಅವನ ಹೆಸರಿನ ಕೆಳಗಿದ್ದ ಮಾತನ್ನು ಓದಿ ತೋರಿಸಿದೆ. ‘ಆಕೆ ನನ್ನವಳಾಗಬೇಕಿತ್ತು. ಆಕೆಯ ಓದಿಗಾಗಿ ನನ್ನ ಆಸೆಯನ್ನು ನಾನೇ ಬಿಟ್ಟುಕೊಟ್ಟೆ.’ ಆಮೇಲೆ, ನಾ ಹಂಗ ಅಂದಿಲ್ಲವ್ವ, ನಿನ್ನ ಆಣಿ ಅಂದ. ಈಗ ಅವನು ನಾನು ಮನೆಗೆ ಬಂದರೆ ಹೊರಗೆ ಹೋಗಿಬಿಡುತ್ತಾನೆ. ಮೊದಲು ನನ್ನ ತಲೆಗೊಂದು ಮೊಟಕು ಹಾಕದೆ ಮಾತಾಡುತ್ತಿರಲಿಲ್ಲ. ನಿನ್ನೆಯೂ ನಾನು ಓದುವಾಗ ಬಾಗಿಲ ಹೊರಗೆ ಕೂತು ಕೇಳಿದ.

ತಲೆಬರಹ ಯಾರದು ಅಂತ ನಾನು ಕೇಳುತ್ತಿಲ್ಲ. ಮಾತು ಯಾರದು?

ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಬೇಡಿ. ಅದನ್ನು ಯಾರೂ ಚಹಾದಂಗಡಿಯಲ್ಲಿ ಗಟ್ಟಿಯಾಗಿ ಓದುವುದಿಲ್ಲ. ತಿದ್ದುವುದಿದ್ದರೆ ಸಿದ್ರಾಮಪ್ಪ ಕಾಕಾನ ಮನೆಗೆ ಹೋಗಿ ತಿದ್ದಿರಿ. ಆ ಮನೆಯ ಸಂಬಂಧ ಮತ್ತೆ ಕೂಡುವವರೆಗೆ ನನಗೆ ಪದಕ ಬೇಡ. ಅದು ನನ್ನದಕ್ಕಿಂತ ಹೆಚ್ಚು ಮಾವನದು. ಅವನು ತಲೆ ಎತ್ತಿ ಕೂಡದ ಸಭೆಯಲ್ಲಿ ನಾನು ಅದನ್ನು ಹಾಕಿಕೊಳ್ಳುವುದಿಲ್ಲ.

ಭುವನೇಶ್ವರಿ ಹಣಮಂತ್ರಾಯ

ತಾ.ಕ.: ಓದುವುದು ಮುಗಿದ ಮೇಲೆ, ಅಕ್ಕಾರಿಗೆ ಕೆಟ್ಟ ಮಾತು ಏನೂ ಬರೀಬ್ಯಾಡ, ನಮ್ಮ ಮನಿ ರೊಟ್ಟಿ ಉಂಡಾರ ಅಂತ ಅವ್ವ ಹೇಳಿದಳು. ಹಾಗಾಗಿ ಎರಡು ಸಾಲು ಹೊಡೆದು ಹಾಕಿದ್ದೇನೆ.

*

ಪುಣೆ
೩೧ ಜನವರಿ ೧೯೯೯, ರವಿವಾರ

ಭುವನಾ,

ಹೆಸರಿನ ಹಿಂದೆ ‘ಪ್ರೀತಿಯ’ ಅಂತ ಹಾಕುವ ಹಕ್ಕು ಇದೆಯೋ ಇಲ್ಲವೋ ತಿಳಿಯಲಿಲ್ಲ, ಬಿಟ್ಟೆ.

ನಿನ್ನ ಪತ್ರ ಕಚೇರಿಗೆ ಬಂತು. ಓದಿ, ಡ್ರಾವರಿನಲ್ಲಿಟ್ಟು, ಒಂದು ವಾರ ಅದರ ಮೇಲೆ ಕಾಗದಪತ್ರ ಹೇರಿದೆ. ಈ ನಾಚಿಕೆಗೇಡನ್ನೂ ಬರೆದುಬಿಡುತ್ತೇನೆ. ನೀನು ಹೊಡೆದು ಹಾಕಿದ ಆ ಎರಡು ಸಾಲು ಏನಿದ್ದವೋ ಅಂತ ದಿನಕ್ಕೆ ಹತ್ತು ಸಲ ಊಹಿಸಿದೆ. ನನ್ನ ಊಹೆಯಷ್ಟು ಕೆಟ್ಟದ್ದನ್ನು ನೀನು ಬರೆದಿರಲಾರೆ. ಅದಕ್ಕಿಂತ ನಿನ್ನ ಅವ್ವನ ಆ ರೊಟ್ಟಿಯ ಮಾತೇ ಹೆಚ್ಚು ಸುಟ್ಟಿತು.

ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು. ಆ ಮಾತು ನನ್ನದು. ಭೀಮು ಅದರಲ್ಲಿ ಒಂದಕ್ಷರವನ್ನೂ ಆಡಿಲ್ಲ. ಒಪ್ಪವಾಗಿ ಹಾಕಿದೆ ಅಂತ ನಾನು ಬರೆದದ್ದು ಸುಳ್ಳು. ಕಚೇರಿಗೆ ಮರಳಿ ಬಂದು, ಫ್ಯಾನು ಹಾಕಿಕೊಂಡು ಕೂತು, ಅವನ ಹೆಸರು ಬರೆದು, ಕೆಳಗೆ ನನಗೆ ಬೇಕಾದ ಮಾತು ಬರೆದೆ. ಬರೆದು ಓದಿಕೊಂಡಾಗ ನನ್ನ ಕಣ್ಣಲ್ಲೇ ನೀರು ಬಂತು. ಅದೇ ದೊಡ್ಡ ಸಾಕ್ಷಿ ಅಂದುಕೊಂಡೆ, ಮೂರ್ಖಳು. ಬಿಬವೇವಾಡಿಗೆ ವಾಪಸು ಹೋಗಿ ಓದಿ ತೋರಿಸಬಹುದಿತ್ತು, ಬಸ್ಸಿತ್ತು. ಇಡೀ ಊರಿಗೆ ಬುದ್ಧಿ ಹೇಳುವವಳು ಹೋಗಲಿಲ್ಲ. ಯಾಕೆಂದರೆ ಓದಿದರೆ ಅವನು ಒಪ್ಪುವುದಿಲ್ಲ ಅಂತ ನನಗೆ ಗೊತ್ತಿತ್ತು.

ಇನ್ನೊಂದು ತಪ್ಪು ಇದಕ್ಕಿಂತ ಹಳೆಯ ಬಗೆಯದು. ನಿನ್ನ ಅವ್ವ ಆ ತೊಟ್ಟಿಲಿನ ಮಾತು ಹೇಳಿದ್ದು ಪೇಪರಿನವಳಿಗೆ ಅಲ್ಲ. ಮರಾಠಿ ಮಾತಾಡುವವಳು ಹೋಗಿ ಕೇಳಿದ್ದರೆ ಅವಳು ಹೆಸರು, ಊರು ಹೇಳಿ ಸುಮ್ಮನಾಗುತ್ತಿದ್ದಳು. ಕನ್ನಡ ಕೇಳಿ, ತವರಿನವರು ಬಂದರು ಅಂತ ಒಳಗೆ ಕರೆದಳು. ನಾನು ತವರಿನವಳ ಹಾಗೆ ಉಂಡು, ಕಚೇರಿಯವಳ ಹಾಗೆ ಬರೆದೆ.

ಸಾಹೇಬರ ಹತ್ತಿರ ಹೋಗಿ ಎಲ್ಲ ಹೇಳಿದೆ. ಒಳ್ಳೆಯ ಸುದ್ದಿಗೆ ಯಾರಾದರೂ ತಿದ್ದುಪಡಿ ಕೊಡುತ್ತಾರೆಯೇ ಬಾಯಿ, ಅಂತ ನಕ್ಕು ಚಹಾ ತರಿಸಿದರು. ಚಹಾ ಕುಡಿಯದೆ ಎದ್ದು ಬಂದೆ. ನಿನ್ನೆ ಶನಿವಾರ, ಮಾರ್ಕೆಟ್ ಯಾರ್ಡಿಗೆ ಸೂಟಿ, ಸಿದ್ರಾಮಪ್ಪನವರು ಮನೆಯಲ್ಲಿರುತ್ತಾರೆ ಅಂತ ನಿನ್ನ ಅವ್ವನನ್ನು ಕೇಳಿ ತಿಳಿದುಕೊಂಡು ಹೊರಟೆ. ಅವಳೂ ಜೊತೆಗೆ ಬಂದಳು. ದಾರಿಯುದ್ದಕ್ಕೂ ನನ್ನನ್ನು ಒಂದು ಮಾತೂ ಅನ್ನಲಿಲ್ಲ ಭುವನಾ. ಬಿಸಲ ಅದ ಅಕ್ಕಾರ, ತಲಿ ಮ್ಯಾಲ ಸೆರಗ ಹಾಕ್ಕೋರಿ ಅಂದಳು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿದ್ದೆ.

ಸಿದ್ರಾಮಪ್ಪನವರು ಕಟ್ಟೆಯ ಮೇಲೆ ಕೂತು ದಾಡಿ ಮಾಡಿಕೊಳ್ಳುತ್ತಿದ್ದರು. ಅರ್ಧ ಮುಖಕ್ಕೆ ಸಾಬೂನು ಹಾಗೇ ಇತ್ತು. ನಾನು ಪತ್ರಿಕೆಯ ಆ ತುಂಡನ್ನು ತೆಗೆದು, ಆ ಎರಡು ಸಾಲು ಓದಿ, ಇದನ್ನು ಭೀಮು ಅಂದಿಲ್ಲ, ನಾನು ಕೂತು ಕಟ್ಟಿದ್ದು ಅಂದೆ. ಅವರು ಕನ್ನಡಿ ಕೆಳಗಿಟ್ಟರು. ಓದಿದವ್ರು ಇದ್ದೀರಿ, ಸುಳ್ಳ ಯಾಕ ಬರದ್ರಿ ಅಂತ ಕೇಳಿದರು. ಚಂದ ಕಾಣಲಿ ಅಂತ, ಅಂದೆ. ಅವರು ನನ್ನನ್ನು ಒಮ್ಮೆ ನೋಡಿ, ಬಾಯಾರ, ಚಂದ ಕಾಣ್ಲಿ ಅಂತ ಮಂದಿ ಮನಿಗೆ ಸುಣ್ಣಾ ಹಚ್ಚಬಾರದು ಅಂದರು. ತಿಪ್ಪವ್ವ ನೆಲ ನೋಡುತ್ತ ನಿಂತಿದ್ದಳು. ಇನ್ನು ಮಾತು ಮುಗಿಯಿತು, ಹೋಗೋಣ ಅನ್ನುವಷ್ಟರಲ್ಲಿ ಒಳಗಿನಿಂದ ಹುಡುಗಿಯ ದನಿ ಬಂತು. ಅಪ್ಪಾ, ಹಂಗಂದ್ರ ಅಂವ ಖರೇನ ಏನಂದಿದ್ದ, ಅದನ್ನರ ಕೇಳು!

ಆಗ ನಾನು ಭೀಮು ಆ ದಿನ ಆಡಿದ್ದನ್ನು ಆಡಿದ ಹಾಗೇ ಹೇಳಿದೆ. ನಿನಗೂ ಬರೆಯುತ್ತೇನೆ, ಅವನೆದುರು ಓದು, ತಪ್ಪಿದ್ದರೆ ಅವನೇ ತಿದ್ದಲಿ. ‘ಎತ್ತಿ ಆಡಿಸಿದ ಕೂಸ್ರಿ ಅಕ್ಕಾರ. ಹೆಗಲ ಮ್ಯಾಲ ಕುಂದ್ರಿಸ್ಕೊಂಡು ಸಾಲಿಗಿ ಬಿಟ್ಟು ಬರ್ತಿದ್ದೆ. ಮೂಗಿನ ಶುಂಬಳಾ ಒರಸಿದಾವಗ ಹೆಂಡ್ತಿ ಹ್ಯಾಂಗ ಆಗ್ತಾಳ್ರಿ? ಮುದುಕಿ ಮಾತಿಗಿ ನಾ ನಕ್ಕ ಬಿಟ್ಟಿದ್ದೆ. ಆಕಿ ಶಾಣ್ಯಾ ಅದಾಳ, ಓದ್ಸಬೇಕಂತ ಓದ್ಸೀನಿ. ಅದರಾಗೇನದರಿ?’

ಒಳಗೆ ಚಂದಮ್ಮ ಕಿಸಕ್ಕನೆ ನಕ್ಕಳು. ನಗು ತಡೆಯಲಿಕ್ಕೆ ಬಾಯಿಗೆ ಸೆರಗು ತುರುಕಿಕೊಂಡಿರಬೇಕು, ಕೆಮ್ಮು ಹತ್ತಿತು. ಸಿದ್ರಾಮಪ್ಪನವರ ಸಾಬೂನಿನ ಮುಖದಲ್ಲೂ ಏನೋ ಸಡಿಲಾಯಿತು. ಶುಂಬಳದ ಮಾತು ಪೇಪರಿನ್ಯಾಗ ಹಾಕಿದ್ರ ಈ ರಾಡಿನ ಆಗ್ತಿರ್ಲಿಲ್ಲಲ್ಲರಿ ಅಂದರು. ಹೌದ್ರಿ ಅಂದೆ. ಅವರು ದಾಡಿ ಪೂರ್ತಿ ಮುಗಿಸಿ, ಮುಖ ತೊಳೆದು ಬಂದು, ತಿಪ್ಪವ್ವನ ಕಡೆ ತಿರುಗಿ ಹೇಳಿದರು. ಮುಂದಿನ ಶನಿವಾರ ಭೀಮೂನ್ನ ಊಟಕ್ಕ ಕಳಸವ್ವ. ಆಂವ ತನ್ನ ಬಾಯಿಲೆ ಒಮ್ಮಿ ಹೇಳ್ಲಿ, ಆಮ್ಯಾಲ ತಾರೀಖು ನೋಡೂಣು. ನಿನ್ನ ಅವ್ವ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತಳು. ಈ ಸಲ ಎಲೆ ಅಡಿಕೆ ಬಂತು, ನನಗೂ ಕೊಟ್ಟರು.

ಇದರಿಂದ ನನ್ನ ತಪ್ಪು ತೊಳೆದು ಹೋಯಿತು ಅಂತ ಬರೆಯುತ್ತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭೀಮು ನಿನ್ನ ತಲೆಗೆ ಮೊಟಕು ಹಾಕುವುದಕ್ಕೆ ಮತ್ತೆ ಎಷ್ಟು ದಿನ ಬೇಕೋ ನನಗೆ ಗೊತ್ತಿಲ್ಲ. ಆದರೆ ಶನಿವಾರದ ಊಟ ಸುಸೂತ್ರ ಆದರೆ ಘಟಿಕೋತ್ಸವಕ್ಕೆ ಬಾ. ಪಾಸುಗಳು ಇದರಲ್ಲೇ ಇವೆ. ಫೋಟೋದವನಿಗೆ ನಿಮ್ಮ ಸಾಲಿನ ಹತ್ತಿರ ಹೋಗಬೇಡ ಅಂತ ಹೇಳಿದ್ದೇನೆ. ನಾನು ಹಿಂದೆ, ಬಾಗಿಲ ಹತ್ತಿರ ನಿಂತಿರುತ್ತೇನೆ. ಮಾತಾಡಿಸಲೇಬೇಕು ಅಂತಿಲ್ಲ.

ನಿಮ್ಮ ಮನೆಯ ರೊಟ್ಟಿ ಉಂಡವಳು,
ಸುಮಂಗಲಾ

ತಾ.ಕ.: ಸಿದ್ರಾಮಪ್ಪನವರಿಗೆ ನಾನು ಕೊಟ್ಟ ಉತ್ತರವೂ ಪೂರ್ತಿ ಖರೆಯಲ್ಲ. ಸಹಿ ಹಾಕಿದ ಮೇಲೆ ಪೆನ್ನು ಕೆಳಗಿಡಲು ಆಗುತ್ತಿಲ್ಲ.

ನಮ್ಮ ಮನೆಯವರು ಶ್ಯಾಮರಾಯರು ನನ್ನ ತಾಯಿಯ ಕೊನೆಯ ತಮ್ಮ. ನನ್ನ ಸೋದರಮಾವ. ಧಾರವಾಡದಲ್ಲಿ ಇದು ಯಾರಿಗೂ ಸುದ್ದಿಯಲ್ಲ. ಪುಣೆಗೆ ಬಂದ ಮೇಲೆ ಮಾತ್ರ, ಇಷ್ಟು ವರ್ಷದಲ್ಲಿ ಕಚೇರಿಯ ಒಬ್ಬರಿಗೂ ನಾನು ಹೇಳಿಲ್ಲ. ಕೇಳಿದರೆ ದೂರದ ಸಂಬಂಧ ಅನ್ನುತ್ತೇನೆ. ನಿನ್ನನ್ನು ಕೇಳಿದ ಹಾಗೆ ನನ್ನನ್ನೂ ಕೇಳಿಯಾರು ಅಂತ ಹೆದರಿಕೆ. ನನ್ನದನ್ನು ಮುಚ್ಚಿಟ್ಟುಕೊಂಡು ನಿಮ್ಮದನ್ನು ಊರಿಗೆ ಹಂಚಿದೆ. ನೀನು ಎಲ್ಲರೆದುರು ಹೌದು, ಆಗುತ್ತಾರೆ ಅಂದೆಯಲ್ಲ, ಆ ಒಂದು ಮಾತು ನನ್ನ ಬಾಯಿಂದ ಬಂದಿಲ್ಲ.

ಅವರು ಒಳ್ಳೆಯವರು. ಆದರೆ ನನಗೆ ಎಂ.ಎ.ಗೆ ಸೀಟು ಸಿಕ್ಕ ವಾರವೇ ಮದುವೆಯ ಅಕ್ಕಿಕಾಳು ಬಿತ್ತು. ಮಂಟಪದಲ್ಲಿ ಅಂತರಪಟ ಸರಿಯುವವರೆಗೂ, ಮಾವ ಈಗ ಅಂದಾನು, ಆಗ ಅಂದಾನು, ಇಕಿ ಓದ್ಲಿ ಬಿಡ್ರಿ ಅಂತ ಕಾಯುತ್ತಿದ್ದೆ. ಭೀಮುವಿನ ಹೆಸರಿನ ಕೆಳಗೆ ನಾನು ಬರೆದದ್ದು ಅವರು ಆಡದ ಆ ಮಾತನ್ನು.

ಈ ಪತ್ರದಲ್ಲಿ ಅವರ ಸುದ್ದಿ ಬಂದಿದೆ. ನಿಯಮ ನಿಯಮವೇ. ಅಡಿಗೆಮನೆಯಲ್ಲಿ ಕೂತು ಹಸಿ ಬಟಾಣಿ ಸುಲಿಯುತ್ತಿದ್ದರು, ಎದುರು ಕೂತು ಮೊದಲಿಂದ ಕೊನೆಯವರೆಗೆ ಓದಿದೆ. ಸುಲಿಯುವುದು ನಿಂತಿತು. ಅವತ್ತು ನನ್ನನ್ನೂ ಯಾರೂ ಕೇಳಿದ್ದಿಲ್ಲ ಸುಮಿ, ಅಂದರು. ಅದನ್ನೂ ಬರಿ ಅಂದರು. ಬರೆದಿದ್ದೇನೆ. ಈಗ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಈ ಪತ್ರವನ್ನು ಅಂಚೆ ಡಬ್ಬಿಗೆ ಹಾಕಲಿಕ್ಕೆ.